ಬೆರಳ ತುದಿಯ ಬೆಳಕು ಎಷ್ಟನ್ನು ಹೇಳಬಲ್ಲದು?

ಬೇಸಗೆಯ ರಾತ್ರಿ ಊರಿನ ದೀಪಗಳು ಆರಿದಾಗ ಮಕ್ಕಳು ಆಡುವ ಆಟವೊಂದುಂಟು. ಬ್ಯಾಟರಿಯ ಬಾಯನ್ನು ಅಂಗೈಯಿಂದ ಮುಚ್ಚಿ ಗುಂಡಿಯನ್ನು ಒತ್ತಿದರೆ ಬೆರಳುಗಳೆಲ್ಲ ಕೆಂಡದಂತೆ ಹೊಳೆಯುತ್ತವೆ. ಒಳಗಿನ ಬೆಳಕು ಬಿಳಿಯದು. ಹೊರಗೆ ಬಂದುದು ಕೆಂಪು. ಉಳಿದ ಬಣ್ಣಗಳನ್ನು ದಾರಿಯಲ್ಲಿ ನುಂಗಿದವರು ಯಾರು? ಬಹುಮಟ್ಟಿಗೆ ನಮ್ಮ ರಕ್ತವೇ. ಈ ಆಟವನ್ನು ಆಡದ ವಿದ್ಯಾರ್ಥಿ ವಿರಳ. ಆದರೆ ಹಾಗೆ ಹೊರಬಂದ ಕೆಂಪನ್ನು ಅಳೆದು, ಚರ್ಮಕ್ಕೆ ಸೂಜಿಯನ್ನು ತಾಗಿಸದೆಯೇ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ತಿಳಿಯಬಹುದೆಂಬ ವಿಚಾರ ಮನುಷ್ಯನ ಕೈಯಲ್ಲಿ ಉಪಕರಣದ ರೂಪವನ್ನು ತಾಳಿ ಇನ್ನೂ ನೂರು ವರ್ಷಗಳಾಗಿಲ್ಲ.

ಬೆರಳನ್ನು ಕಚ್ಚಿ ಹಿಡಿಯುವ ಆ ಪುಟ್ಟ ಉಪಕರಣವನ್ನು ಇಂದು ಕಾಣದವರಿಲ್ಲ. ಮೊದಲು ಅದು ಹೆಚ್ಚಾಗಿ ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿಯೂ ತೀವ್ರ ನಿಗಾ ವಿಭಾಗಗಳಲ್ಲಿಯೂ ಇರುತ್ತಿತ್ತು. ೨೦೨೦ರಲ್ಲಿ ಕೋವಿಡ್ ಬಂದ ಮೇಲೆ ಅಡಿಗೆಮನೆಯ ಗೂಡನ್ನೂ ಸೇರಿತು. ೨೦೨೧ರ ಮೇ ತಿಂಗಳಿನಲ್ಲಿ ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಒಂದೇ ಒಂದು ಆಕ್ಸಿಮೀಟರು ಇದ್ದಿತು. ಎರವಲು ಕೊಟ್ಟ ಒನಕೆಯಂತೆ ಅದು ಮನೆಯಿಂದ ಮನೆಗೆ ತಿರುಗಾಡುತ್ತಿತ್ತು, ಸಂಜೆಯಾದರೆ “ಆ ಬೆರಳಿಗೆ ಹಚ್ಚೂ ಮಶೀನ ಈಗ ಯಾರ ಮನ್ಯಾಗ ಐತ್ರಿ?” ಎಂಬುದೇ ಕಟ್ಟೆಯ ಮೇಲಿನ ಮಾತು. ಅಂಗಡಿಗಳಲ್ಲಿ ಅದರ ಬೆಲೆ ಹೇಳಿದ್ದೇ ಬೆಲೆಯಾಗಿದ್ದ ಕಾಲ ಅದು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಇದರ ಮಾರಾಟದ ಲಾಭಾಂಶಕ್ಕೆ ಶೇಕಡಾ ೭೦ರ ಮಿತಿಯನ್ನು ಹಾಕಬೇಕಾಯಿತು. ಆಶಾ ಕಾರ್ಯಕರ್ತೆಯರು ಇದನ್ನು ಕೈಚೀಲದಲ್ಲಿ ಇಟ್ಟುಕೊಂಡು ಮನೆಮನೆಗೆ ನಡೆದರು. ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ ಊರು ನಮ್ಮದು. ಅಂಥ ಊರಿನವರಾದ ನಾವು ಈ ಉಪಕರಣಕ್ಕೆ ಒಂದು ಒಳ್ಳೆಯ ಕನ್ನಡ ಹೆಸರನ್ನು ಇನ್ನೂ ಕೊಟ್ಟಿಲ್ಲ. ‘ನಾಡಿ-ಆಮ್ಲಜನಕ ಮಾಪಕ’ ಎಂಬುದು ಶುದ್ಧವೇ. ಆದರೆ ಉಸಿರಾಡಲು ಕಷ್ಟಪಡುತ್ತಿರುವವನ ಮನೆಯಲ್ಲಿ ಅಷ್ಟುದ್ದದ ಮಾತನ್ನು ಆಡುವವರು ಯಾರು? ಇಲ್ಲಿ ‘ಮಾಪಕ’ ಎಂದೇ ಕರೆಯೋಣ.

ಕೋವಿಡ್ಡಿನ ಅಬ್ಬರ ಇಳಿಯಿತು. ಆದರೆ ಮಾಪಕ ಎತ್ತಿದ ಪ್ರಶ್ನೆ ಇಳಿಯಲಿಲ್ಲ. ಲಕ್ಷ್ಮೇಶ್ವರದಿಂದ ಗದಗಿನ ವೈದ್ಯಕೀಯ ಕಾಲೇಜಿಗೆ ಸುಮಾರು ೪೦ ಕಿಲೋಮೀಟರು. ಹುಬ್ಬಳ್ಳಿಗೆ ಅದಕ್ಕಿಂತಲೂ ಹೆಚ್ಚು. ನಡುರಾತ್ರಿ ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿರುವ ರೈತನನ್ನು ಇಲ್ಲಿಯೇ ಇಟ್ಟುಕೊಳ್ಳಬೇಕೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆ? ಇದನ್ನು ನಿರ್ಧರಿಸಲು ಪುಸ್ತಕಗಳು ಹೇಳುವ ಶಾಸ್ತ್ರೋಕ್ತ ಮಾರ್ಗ ಬೇರೆ. ಮಣಿಕಟ್ಟಿನ ಧಮನಿಯಿಂದ ರಕ್ತವನ್ನು ಸೆಳೆದು, ಅದರಲ್ಲಿ ಕರಗಿರುವ ಅನಿಲಗಳ ಒತ್ತಡವನ್ನು ಯಂತ್ರದಲ್ಲಿ ಅಳೆಯಬೇಕು. ಆ ಯಂತ್ರ ಸಾಮಾನ್ಯವಾಗಿ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಬೆರಳಿನ ಮಾಪಕವಾದರೋ ಎಲ್ಲೆಡೆಯೂ ಇದೆ. ಹಾಗಾದರೆ ಧಮನಿಯ ರಕ್ತದ ಬದಲು ಬೆರಳಿನ ಬೆಳಕನ್ನು ನಂಬಿ ತೀವ್ರ ಶ್ವಾಸವೈಫಲ್ಯವನ್ನು ನಿರ್ಣಯಿಸಬಹುದೇ? ನಂಬಬಹುದು, ನಂಬಲೇಬೇಕು, ಆದರೆ ಅದರ ಭೌತಶಾಸ್ತ್ರ ಎಲ್ಲಿಯವರೆಗೆ ನಡೆಯುತ್ತದೆಯೋ ಅಲ್ಲಿಯವರೆಗೆ ಮಾತ್ರ, ಎಂಬುದು ನಮ್ಮ ಅಭಿಪ್ರಾಯ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುವವರು. ಆದರೂ ಈ ಗೆರೆಯನ್ನು ಎಳೆಯುವುದು ಅರ್ಧ ಮಟ್ಟಿಗೆ ನಮ್ಮ ಕೆಲಸವೇ ಆಗಿದೆ.

ಮೊದಲು ಮಾಪಕದ ಒಳಗನ್ನು ನೋಡೋಣ. ರಕ್ತದ ಕೆಂಪು ಕಣಗಳಲ್ಲಿರುವ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹೊತ್ತಾಗ ಒಂದು ಬಣ್ಣ, ಇಳಿಸಿದಾಗ ಇನ್ನೊಂದು ಬಣ್ಣ. ಹೊತ್ತಿರುವುದು ಹೊಳಪಾದ ಕೆಂಪು. ಬರಿದಾದುದು ಕಪ್ಪು ಮಿಶ್ರಿತ ಕೆಂಪು. ಸುಮಾರು ೬೬೦ ನ್ಯಾನೋಮೀಟರು ತರಂಗದೂರದ ಕೆಂಪು ಬೆಳಕನ್ನು ಬರಿದಾದ ಹೀಮೊಗ್ಲೋಬಿನ್ ಹೆಚ್ಚು ಹೀರುತ್ತದೆ. ಸುಮಾರು ೯೪೦ ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಇದು ತಿರುಗುಮುರುಗು: ಆಮ್ಲಜನಕವನ್ನು ಹೊತ್ತಿರುವುದೇ ಹೆಚ್ಚು ಹೀರುತ್ತದೆ. ಮಾಪಕದ ಮೇಲ್ದವಡೆಯಲ್ಲಿ ಈ ಎರಡು ಬೆಳಕುಗಳನ್ನು ಬೀರುವ ಎರಡು ಸಣ್ಣ ದೀಪಗಳೂ ಕೆಳದವಡೆಯಲ್ಲಿ ಬೆಳಕನ್ನು ಅಳೆಯುವ ಒಂದು ಅರೆವಾಹಕದ ಕಣ್ಣೂ ಇರುತ್ತವೆ. ಅಜ್ಞಾತಗಳು ಎರಡು, ಸಮೀಕರಣಗಳು ಎರಡು. ಪಿ.ಯು.ಸಿ. ಓದುವ ಯಾವ ವಿದ್ಯಾರ್ಥಿಯೂ ಇದನ್ನು ಬಿಡಿಸಬಲ್ಲನು.

ಆದರೆ ಬೆರಳಿನಲ್ಲಿ ಧಮನಿಯ ರಕ್ತ ಮಾತ್ರ ಇರುವುದಿಲ್ಲ. ಉಗುರು, ಎಲುಬು, ಚರ್ಮ, ಮಾಂಸ, ಸಿರೆಗಳಲ್ಲಿ ಹಿಂದಿರುಗುತ್ತಿರುವ ರಕ್ತ ಎಲ್ಲವೂ ಬೆಳಕನ್ನು ಹೀರುತ್ತವೆ. ಜರ್ಮನಿಯ ಕಾರ್ಲ್ ಮ್ಯಾಥೆಸ್ ೧೯೩೫ರಲ್ಲಿ ಕಿವಿಯ ಮೂಲಕ ಎರಡು ಬಣ್ಣಗಳ ಬೆಳಕನ್ನು ಹಾಯಿಸಿ ಅಳೆಯುವ ಉಪಕರಣವನ್ನು ಕಟ್ಟಿದಾಗಿನಿಂದ ಸುಮಾರು ನಾಲ್ವತ್ತು ವರ್ಷ ಈ ತೊಡಕು ಬಿಡಲಿಲ್ಲ. ಅದನ್ನು ಬಿಡಿಸಿದವರು ಜಪಾನಿನ ನಿಹೋನ್ ಕೋಡೆನ್ ಸಂಸ್ಥೆಯಲ್ಲಿದ್ದ ಟಕುವೊ ಅಓಯಾಗಿ. ಸ್ವಾರಸ್ಯವೆಂದರೆ ಅವರು ಹುಡುಕುತ್ತಿದ್ದುದು ಆಮ್ಲಜನಕವನ್ನಲ್ಲ. ಹೃದಯ ಎಷ್ಟು ರಕ್ತವನ್ನು ಹೊರದೂಡುತ್ತದೆ ಎಂಬುದನ್ನು, ರಕ್ತದಲ್ಲಿ ಬಣ್ಣವನ್ನು ಸೇರಿಸಿ ಕಿವಿಯ ಬಳಿ ಬೆಳಕಿನಿಂದ ಅಳೆಯಲು ಅವರು ಯತ್ನಿಸುತ್ತಿದ್ದರು. ನಾಡಿಯ ಮಿಡಿತ ಮಾತ್ರ ಅವರ ರೇಖೆಯನ್ನು ಸದಾ ಕುಣಿಸುತ್ತಿತ್ತು. ಆ ಕುಣಿತವನ್ನು ಅಳಿಸಲೆಂದು ಎರಡನೆಯ ಬಣ್ಣದ ಬೆಳಕನ್ನು ತಂದರು, ಕುಣಿತ ಅಳಿಯಿತು. ಆದರೆ ರಕ್ತದ ಆಮ್ಲಜನಕ ಇಳಿದ ಕೂಡಲೇ ಮತ್ತೆ ಕಾಣಿಸಿಕೊಂಡಿತು! ಕಸವೆಂದು ಗುಡಿಸುತ್ತಿದ್ದ ಮಿಡಿತವೇ ಬೇಕಾದ ಕಾಳು ಎಂಬುದು ಅವರಿಗೆ ಆಗ ಹೊಳೆಯಿತು. ಬೆರಳಿನಲ್ಲಿ ಮಿಡಿಯುವುದು ಧಮನಿಯ ರಕ್ತ. ಮಿಡಿಯದುದೆಲ್ಲ ಉಳಿದ ಸಾಮಗ್ರಿ. ಬೆಳಕಿನಲ್ಲಿ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಉಗುರು ಎಲುಬುಗಳ ಗೊಡವೆಯೇ ಇಲ್ಲ. ಇದು ನಡೆದುದು ೧೯೭೪ರಲ್ಲಿ. ಅಓಯಾಗಿಯವರು ತೀರಿಕೊಂಡುದು ೨೦೨೦ರ ಏಪ್ರಿಲ್ ತಿಂಗಳಿನಲ್ಲಿ, ಜಗತ್ತಿನ ಊರೂರುಗಳಲ್ಲಿ ಜನ ಅವರ ಉಪಕರಣಕ್ಕಾಗಿ ಅಂಗಡಿಗಳನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ.

ಕೆಂಪು ಬೆಳಕಿನ ಏರಿಳಿತವನ್ನು ಅದರ ಸ್ಥಿರಭಾಗದಿಂದ ಭಾಗಿಸಿ, ಅವಕೆಂಪಿನದನ್ನೂ ಹಾಗೆಯೇ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವ ಅನುಪಾತವೇ ಮಾಪಕದ ತಿರುಳು. ಆ ಅನುಪಾತ ೦.೫ ಇದ್ದರೆ ಪರ್ಯಾಪ್ತಿ, ಎಂದರೆ ಆಮ್ಲಜನಕವನ್ನು ಹೊತ್ತ ಹೀಮೊಗ್ಲೋಬಿನ್ನಿನ ಪಾಲು, ಶೇಕಡಾ ೯೭ರ ಆಸುಪಾಸು. ೧ ಇದ್ದರೆ ಶೇಕಡಾ ೮೫. ಒರಟಾಗಿ ಹೇಳುವುದಾದರೆ, ೧೧೦ರಿಂದ ಅನುಪಾತದ ೨೫ ಪಟ್ಟನ್ನು ಕಳೆಯಿರಿ. ಇಲ್ಲಿ ವಿದ್ಯಾರ್ಥಿಗಳು ಒಂದನ್ನು ಗಮನಿಸಬೇಕು. ಬೆರಳು ತಣ್ಣಗಾಗಿಯೋ ರಕ್ತದ ಒತ್ತಡ ಕುಸಿದೋ ನಾಡಿ ಕ್ಷೀಣವಾದಾಗ, ಅಥವಾ ಕೈ ನಡುಗುವಾಗ, ಎರಡು ಬೆಳಕುಗಳೂ ಒಂದೇ ಬಗೆಯಾಗಿ ಅಲುಗಾಡುತ್ತವೆ. ಆಗ ಅನುಪಾತ ತಾನಾಗಿಯೇ ೧ರ ಕಡೆಗೆ ಸರಿಯುತ್ತದೆ. ಮಾಪಕ ೮೫ ಎಂದು ಗಂಭೀರವಾಗಿ ತೋರಿಸುತ್ತದೆ. ಅದು ರೋಗಿಯ ಸಂಖ್ಯೆಯಲ್ಲ, ಗದ್ದಲದ ಸಂಖ್ಯೆ. ಕೆಲವು ಅಗ್ಗದ ಮಾಪಕಗಳ ದವಡೆಯಲ್ಲಿ ಪೆನ್ಸಿಲನ್ನು ಇಟ್ಟು ಅಲುಗಾಡಿಸಿದರೂ ಒಂದು ಸಂಖ್ಯೆ ಮೂಡುವುದುಂಟು. ನಾವು ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದ್ದೇವೆ. ಪೆನ್ಸಿಲಿಗೆ ಆರೋಗ್ಯ ಚೆನ್ನಾಗಿರಲಿಲ್ಲ.

ಇಷ್ಟಾದರೂ ಮಾಪಕ ನಮ್ಮ ಕಣ್ಣಿಗಿಂತ ಬಹಳ ಮೇಲು. ಆಮ್ಲಜನಕ ಕಡಿಮೆಯಾದವರ ತುಟಿ, ನಾಲಗೆಗಳು ನೀಲಿಗಟ್ಟುತ್ತವೆ ಎಂದು ನಾವೆಲ್ಲ ಓದಿದ್ದೇವೆ. ೧೯೪೭ರಲ್ಲಿ ಅಮೆರಿಕದ ಕಾಮ್ರೋ ಮತ್ತು ಬೊಟೆಲ್ಹೊ ಎಂಬವರು ೧೨೭ ಮಂದಿ ವೀಕ್ಷಕರನ್ನು ಈ ಪರೀಕ್ಷೆಗೆ ಒಡ್ಡಿದರು. ಪರ್ಯಾಪ್ತಿ ಶೇಕಡಾ ೮೦ರ ಸಮೀಪಕ್ಕೆ ಇಳಿಯುವವರೆಗೂ ಬಹುಮಂದಿಗೆ ನೀಲಿ ನಿಶ್ಚಯವಾಗಿ ಕಾಣಲಿಲ್ಲ. ನಮ್ಮ ಸೀಮೆಯಲ್ಲಿ ಸ್ಥಿತಿ ಇನ್ನೂ ಕಠಿನ. ಚರ್ಮದ ರಕ್ತನಾಳಗಳಲ್ಲಿ ಪ್ರತಿ ೧೦೦ ಮಿಲಿಲೀಟರು ರಕ್ತಕ್ಕೆ ಸುಮಾರು ೫ ಗ್ರಾಂ ಹೀಮೊಗ್ಲೋಬಿನ್ ಬರಿದಾದರೆ ಮಾತ್ರ ನೀಲಿ ಕಾಣುತ್ತದೆ ಎಂಬುದು ೧೯೨೩ರಿಂದ ತಿಳಿದ ವಿಷಯ. ಒಟ್ಟು ೧೫ ಗ್ರಾಂ ಇರುವವನಲ್ಲಿ ಮೂರರಲ್ಲಿ ಒಂದು ಪಾಲು ಬರಿದಾದರೆ ಸಾಕು. ಒಟ್ಟು ೭ ಗ್ರಾಂ ಮಾತ್ರ ಇರುವ ರಕ್ತಹೀನ ಹೆಣ್ಣುಮಗಳಲ್ಲಿ ಏಳರಲ್ಲಿ ಐದು ಪಾಲು ಬರಿದಾಗಬೇಕು! ಅಷ್ಟು ಹೊತ್ತಿಗೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದುದರಿಂದ ಕಣ್ಣನ್ನು ನಂಬಿ ಕೂರುವ ಕಾಲ ಮುಗಿಯಿತು.

ಈಗ ಶ್ವಾಸವೈಫಲ್ಯದ ಮಾತಿಗೆ ಬರೋಣ. ಧಮನಿಯ ರಕ್ತದಲ್ಲಿ ಆಮ್ಲಜನಕದ ಆಂಶಿಕ ಒತ್ತಡ ಪಾದರಸದ ೬೦ ಮಿಲಿಮೀಟರಿಗಿಂತ ಇಳಿದರೆ ಶ್ವಾಸವೈಫಲ್ಯವೆಂದು ವೈದ್ಯಶಾಸ್ತ್ರ ಎಣಿಸುತ್ತದೆ. ಒತ್ತಡಕ್ಕೂ ಪರ್ಯಾಪ್ತಿಗೂ ಇರುವ ಸಂಬಂಧ ಸರಳರೇಖೆಯದಲ್ಲ. ಒತ್ತಡ ೧೦೦ ಇದ್ದಾಗ ಪರ್ಯಾಪ್ತಿ ಶೇಕಡಾ ೯೭ಕ್ಕಿಂತ ತುಸು ಮೇಲು. ೬೦ಕ್ಕೆ ಇಳಿದರೂ ಸುಮಾರು ೯೦. ಎಂದರೆ ನಾಲ್ವತ್ತು ಮಿಲಿಮೀಟರು ಇಳಿದರೂ ಏಳೆಂಟು ಅಂಕ ಮಾತ್ರ ನಷ್ಟ. ಅಲ್ಲಿಂದ ಮುಂದೆ ಇಪ್ಪತ್ತೇ ಮಿಲಿಮೀಟರು ಇಳಿದು ೪೦ಕ್ಕೆ ಬಂದರೆ ಪರ್ಯಾಪ್ತಿ ೭೫ಕ್ಕೆ ಬೀಳುತ್ತದೆ. ಗುಡ್ಡದ ಮೇಲಣ ಬಯಲಿನಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿದ್ದವನಿಗೆ ಒಮ್ಮೆಗೇ ಕಡಿದಾದ ಅಂಚು ಎದುರಾದಂತೆ. ಲಕ್ಷ್ಮೇಶ್ವರ ಸಮುದ್ರಮಟ್ಟದಿಂದ ಸುಮಾರು ೬೩೦ ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ ಏಳರಷ್ಟು ಕಡಿಮೆ. ಆದರೂ ನಮ್ಮ ಮಾಪಕಗಳು ಮಂಗಳೂರಿನವಕ್ಕಿಂತ ಒಂದು ಅಂಕದಷ್ಟೂ ವ್ಯತ್ಯಾಸವನ್ನು ತೋರಿಸದಿರಬಹುದು. ಕಾರಣ ಆ ಬಯಲೇ. ಬಯಲು ನಮ್ಮನ್ನು ಕಾಪಾಡುತ್ತದೆ; ಅದೇ ಬಯಲು ಅಪಾಯವನ್ನು ಮುಚ್ಚಿಡುತ್ತದೆ ಕೂಡ.

ರೋಗಿಗೆ ಆಮ್ಲಜನಕವನ್ನು ಕೊಡತೊಡಗಿದ ಮೇಲೆ ಬರಿಯ ಒತ್ತಡವನ್ನು ನೋಡಿದರೆ ಸಾಲದು. ಎಷ್ಟು ಕೊಟ್ಟಾಗ ಎಷ್ಟು ಎಂಬುದು ಮುಖ್ಯ. ಆದುದರಿಂದ ರಕ್ತದ ಒತ್ತಡಾಂಕವನ್ನು ರೋಗಿ ಎಳೆದುಕೊಳ್ಳುವ ಗಾಳಿಯಲ್ಲಿನ ಆಮ್ಲಜನಕದ ಭಾಗದಿಂದ ಭಾಗಿಸುತ್ತಾರೆ. ಸ್ವಸ್ಥನಿಗೆ ಬರಿಯ ಗಾಳಿಯಲ್ಲಿ ೧೦೦ನ್ನು ೦.೨೧ರಿಂದ ಭಾಗಿಸಿದರೆ ೪೭೬ ಬರುತ್ತದೆ. ಇದು ೩೦೦ ಅಥವಾ ಅದಕ್ಕಿಂತ ಕಡಿಮೆಯಾಗಿ, ಎರಡು ಶ್ವಾಸಕೋಶಗಳಲ್ಲಿಯೂ ಮಬ್ಬು ಕಂಡು, ಅದಕ್ಕೆ ಹೃದಯದ ದೌರ್ಬಲ್ಯವೊಂದೇ ಕಾರಣವಲ್ಲವೆಂದಾದರೆ, ತೀವ್ರ ಶ್ವಾಸಸಂಕಟದ ಲಕ್ಷಣಕೂಟವೆಂಬ ಘೋರ ಸ್ಥಿತಿಯನ್ನು ಗುರುತಿಸುವುದು ರೂಢಿ. ೨೦೧೨ರಲ್ಲಿ ಬರ್ಲಿನ್ನಿನ ಹೆಸರಿನಲ್ಲಿ ಹೊರಬಂದ ವ್ಯಾಖ್ಯೆಗೆ ಈ ರಕ್ತಪರೀಕ್ಷೆಯೂ ಬೇಕು, ಉಸಿರಾಟದ ಯಂತ್ರವೂ ಬೇಕು. ಎರಡೂ ಸುಲಭವಾಗಿ ಸಿಗದ ನಾಡುಗಳಲ್ಲಿ ಈ ರೋಗವೇ ಇಲ್ಲವೆಂದು ಅರ್ಥವೆ? ಆಫ್ರಿಕದ ರುವಾಂಡದಲ್ಲಿ ಕೆಲಸ ಮಾಡಿದ ವೈದ್ಯರು ಈ ಅಸಂಗತತೆಯನ್ನು ಕಂಡು, ರಕ್ತದ ಒತ್ತಡಾಂಕದ ಬದಲು ಬೆರಳಿನ ಮಾಪಕದ ಅಂಕವನ್ನೇ ಭಾಗಿಸಿ ನೋಡಿದರು. ೨೦೧೬ರಲ್ಲಿ ಅವರು ಪ್ರಕಟಿಸಿದ ‘ಕಿಗಾಲಿ ಮಾರ್ಪಾಡು’ ಇಷ್ಟೇ: ಮಾಪಕದ ಅಂಕ ೯೭ಕ್ಕೆ ಮೀರದಿರುವಾಗ ಭಾಗಲಬ್ಧ ೩೧೫ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ರಕ್ತಪರೀಕ್ಷೆಯ ೩೦೦ಕ್ಕೆ ಸಮವೆಂದು ಎಣಿಸಿ. ಅವರ ಆಸ್ಪತ್ರೆಗೆ ಸೇರಿದ ೧೦೪೬ ಮಂದಿಯಲ್ಲಿ ೪೨ ಮಂದಿಗೆ ಈ ಸ್ಥಿತಿ ಇದ್ದುದು ಹೀಗೆ ಬೆಳಕಿಗೆ ಬಂದಿತು. ಮುಂದೆ ೨೦೨೩ರಲ್ಲಿ ಸಿದ್ಧವಾದ ಜಾಗತಿಕ ವ್ಯಾಖ್ಯೆ ಈ ಮಾರ್ಗವನ್ನು ಅಂಗೀಕರಿಸಿತು.

೯೭ ಎಂಬ ಎಲ್ಲೆ ಏಕೆಂಬುದನ್ನು ಮೇಲಿನ ಬಯಲೇ ಹೇಳುತ್ತದೆ. ಆಮ್ಲಜನಕವನ್ನು ಧಾರಾಳವಾಗಿ ಕೊಡುತ್ತಿರುವಾಗ ರಕ್ತದ ಒತ್ತಡಾಂಕ ೩೦೦ ಇದ್ದರೂ ೧೨೦ ಇದ್ದರೂ ಮಾಪಕ ೯೯ ಎಂದೇ ತೋರಿಸಬಹುದು. ಶ್ವಾಸಕೋಶ ಅರ್ಧಕ್ಕರ್ಧ ಕೆಟ್ಟರೂ ಬೆರಳು ಅದನ್ನು ಹೇಳದು. ಇನ್ನು ಲೆಕ್ಕವನ್ನು ಮಾಡಿ ನೋಡಿರಿ. ಮೂಗಿನ ನಳಿಗೆಯಿಂದ ನಿಮಿಷಕ್ಕೆ ೪ ಲೀಟರು ಆಮ್ಲಜನಕವನ್ನು ಪಡೆಯುತ್ತಿರುವ ರೋಗಿಯ ಅಂಕ ೯೨ ಎನ್ನಿ. ಪ್ರತಿ ಲೀಟರಿಗೆ ಶೇಕಡಾ ನಾಲ್ಕರಂತೆ ಹೆಚ್ಚುತ್ತದೆ ಎಂಬ ಸ್ಥೂಲ ಗಣನೆಯಂತೆ ಅವನು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ ೩೬. ೯೨ನ್ನು ೦.೩೬ರಿಂದ ಭಾಗಿಸಿದರೆ ೨೫೬. ‘ತೊಂಬತ್ತೆರಡು’ ಎಂದು ಕೇಳಿದಾಗ ಅಷ್ಟೇನೂ ಕೆಟ್ಟದೆನಿಸದು. ೨೫೬ ಎಂದಾಗ ಗದಗಿನ ದಾರಿ ಹಿಡಿಯಬೇಕೆಂದು ತಿಳಿಯುತ್ತದೆ. ಒಂದು ಭಾಗಾಕಾರದಿಂದ ಒಂದು ಜೀವಕ್ಕೆ ಎರಡು ಗಂಟೆಗಳ ಕಾಲ ಉಳಿಯಬಹುದಾದರೆ, ಅದನ್ನು ‘ಒರಟು ಲೆಕ್ಕ’ವೆಂದು ಮೂಗು ಮುರಿಯುವುದು ಪಾಂಡಿತ್ಯವಲ್ಲ. ಧಮನಿಯ ರಕ್ತವೇ ಬೇಕೆಂದು ಹಟ ಹಿಡಿಯುವವರೊಡನೆ ನಮಗೆ ಇರುವ ಜಗಳ ಇದೇ.

ಆದರೆ ಮಾಪಕದ ಭಕ್ತರೊಡನೆಯೂ ನಮ್ಮ ಜಗಳವುಂಟು. ಒಂದು ಕಾಲದಲ್ಲಿ ನಾವೇ ಅಂಥ ಭಕ್ತರಾಗಿದ್ದೆವು. ನಮ್ಮ ಸೋದರತ್ತೆ ನಾಲ್ವತ್ತು ವರ್ಷ ಹತ್ತಿಯ ಕಟ್ಟಿಗೆ, ಕುಳ್ಳುಗಳ ಒಲೆಯ ಮುಂದೆ ರೊಟ್ಟಿ ಬಡಿದವರು. ಆ ಹೊಗೆ ಅವರ ಎದೆಯಲ್ಲಿಯೇ ಮನೆ ಮಾಡಿತ್ತು. ಮೂರು ವರ್ಷಗಳ ಹಿಂದೆ ಚಳಿಗಾಲದ ಒಂದು ರಾತ್ರಿ ಉಸಿರು ಕಟ್ಟಿ ಬಂದಾಗ ಅವರನ್ನು ಒಂದು ಆಸ್ಪತ್ರೆಗೆ ಸೇರಿಸಿದೆವು. ಬಂದಾಗ ಮಾಪಕದಲ್ಲಿ ೮೧. ಮುಖಕ್ಕೆ ಮುಸುಕನ್ನು ಕಟ್ಟಿ ಆಮ್ಲಜನಕವನ್ನು ಧಾರಾಳವಾಗಿ ಬಿಟ್ಟರು. ಅರ್ಧ ಗಂಟೆಯಲ್ಲಿ ೯೮! ಅವರ ಮಗ ನಮ್ಮ ಕೈ ಹಿಡಿದು “ಅಣ್ಣಾ, ಗೆದ್ದಿವಿ ನೋಡು” ಎಂದನು. ನಡುರಾತ್ರಿಯ ಹೊತ್ತಿಗೆ ಅತ್ತೆಗೆ ನಿದ್ದೆ ಹತ್ತಿತು. “ಎರಡ ದಿನದಿಂದ ಕಣ್ಣ ಮುಚ್ಚಿದ್ದಿಲ್ಲ, ಮಲಗಲಿ ಬಿಡ್ರಿ” ಎಂದರು ಎಲ್ಲರೂ. ನಾವು ಪಕ್ಕದಲ್ಲಿಯೇ ಕುಳಿತು, ಕೆಂಪಗೆ ಬೆಳಗುತ್ತಿದ್ದ ೯೮ನ್ನು ನೋಡುತ್ತಾ ತೃಪ್ತರಾಗಿದ್ದೆವು. ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿದರೆ ಅವರು ಏಳಲಿಲ್ಲ. ಅಂಕ ಆಗಲೂ ೯೮.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಧಮನಿಯ ರಕ್ತವನ್ನು ಪರೀಕ್ಷಿಸಿದಾಗ ಆಮ್ಲಜನಕ ಯಥೇಚ್ಛವಾಗಿತ್ತು. ಇಂಗಾಲದ ಡೈಆಕ್ಸೈಡು ಮಾತ್ರ ಸಹಜಕ್ಕಿಂತ ಎರಡು ಪಟ್ಟಿಗೂ ಮೀರಿತ್ತು. ಶ್ವಾಸಕೋಶಕ್ಕೆ ಕೆಲಸಗಳು ಎರಡು: ಆಮ್ಲಜನಕವನ್ನು ಒಳಗೆ ತರುವುದು, ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುವುದು. ಹೊರಗಿನಿಂದ ಆಮ್ಲಜನಕವನ್ನು ಹೇರಳವಾಗಿ ಕೊಟ್ಟರೆ ಉಸಿರಾಟ ತೀರ ಕುಗ್ಗಿದರೂ ಮೊದಲನೆಯ ಕೆಲಸ ನಡೆದುಹೋಗುತ್ತದೆ. ಎರಡನೆಯದು ನಿಂತಿರುವುದು ಬೆರಳಿನ ಬೆಳಕಿಗೆ ಕಾಣದು. ಆ ಎರಡು ತರಂಗದೂರಗಳಲ್ಲಿ ಇಂಗಾಲದ ಡೈಆಕ್ಸೈಡಿಗೆ ಹೇಳಿಕೊಳ್ಳಲು ಬಣ್ಣವೇ ಇಲ್ಲ. ಅತ್ತೆಯದು ನಿದ್ದೆಯಾಗಿರಲಿಲ್ಲ, ಮಂಪರಾಗಿತ್ತು. ಹನ್ನೆರಡು ದಿನಗಳ ಮೇಲೆ ಅವರು ಮನೆಗೆ ಮರಳಿದರು. ಅಂದು ಆಮ್ಲಜನಕವನ್ನು ಕೊಟ್ಟುದು ತಪ್ಪೆಂದು ಯಾರೂ ತಿಳಿಯಬಾರದು. ೮೧ರಲ್ಲಿ ಬಿಟ್ಟಿದ್ದರೆ ಬೆಳಗಾಗುತ್ತಲೇ ಇರಲಿಲ್ಲ. ಇಂಥ ಹಳೆಯ ಶ್ವಾಸಕೋಶದ ರೋಗಿಗಳಲ್ಲಿ ೮೮ರಿಂದ ೯೨ರವರೆಗೆ ಇದ್ದರೆ ಸಾಕೆಂದು ವೈದ್ಯರು ಹೇಳುತ್ತಾರೆ. ನಾವು ಅದಕ್ಕಿಂತ ಹೆಚ್ಚನ್ನು ಕಂಡು ಹಿಗ್ಗಿದೆವು. ಪರ್ಯಾಪ್ತಿಯ ವಕ್ರರೇಖೆಯನ್ನು ಕರಿಹಲಗೆಯ ಮೇಲೆ ಬರೆಯಬಲ್ಲ ನಾವು, ಅತ್ತೆಯ ಎದೆ ನಿಮಿಷಕ್ಕೆ ಎಷ್ಟು ಸಲ ಏರುತ್ತಿದೆ ಎಂಬುದನ್ನು ಒಮ್ಮೆಯಾದರೂ ಎಣಿಸಲಿಲ್ಲ.

ಕೋವಿಡ್ ಕಾಲದಲ್ಲಿ ಕಂಡುದು ಇದಕ್ಕೆ ನೇರ ವಿರುದ್ಧವಾದ ಚಿತ್ರ. ರೋಗಿ ಮಾತನಾಡುತ್ತಾ ಚಹಾ ಕುಡಿಯುತ್ತಾ ಇದ್ದಾನೆ, ಮಾಪಕದಲ್ಲಿ ೮೦. ಉಸಿರುಗಟ್ಟಿದ ಅನುಭವವನ್ನು ನಮಗೆ ಮುಖ್ಯವಾಗಿ ಕೊಡುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಹೆಚ್ಚಳ. ಅದು ಸುಲಭವಾಗಿ ಹೊರಹೋಗುತ್ತಿದ್ದುದರಿಂದ ಆ ರೋಗಿಗಳಿಗೆ ಸಂಕಟವೇ ತಿಳಿಯುತ್ತಿರಲಿಲ್ಲ. ಅಲ್ಲಿ ಮೈಗೆ ತಿಳಿಯದುದನ್ನು ಮಾಪಕ ಹೇಳಿತು; ಇಲ್ಲಿ ಮಾಪಕಕ್ಕೆ ತಿಳಿಯದುದನ್ನು ಮೈ ಹೇಳುತ್ತಿತ್ತು.

ಮೂರನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ನಮ್ಮ ದೃಷ್ಟಿಯಲ್ಲಿ ನಮ್ಮ ದೇಶದ ಭೌತಶಾಸ್ತ್ರಜ್ಞರು ನಾಚಿಕೊಳ್ಳಬೇಕಾದುದು. ಸಿದ್ಧಾಂತದ ಪ್ರಕಾರ ಚರ್ಮದ ಬಣ್ಣಕ್ಕೂ ಮಾಪಕದ ಅಂಕಕ್ಕೂ ಸಂಬಂಧವಿರಕೂಡದು, ಬಣ್ಣ ಮಿಡಿಯುವುದಿಲ್ಲವಷ್ಟೆ. ಆದರೆ ಆ ಸಿದ್ಧಾಂತ ಬೆಳಕು ನೆಟ್ಟಗೆ ಹಾಯುತ್ತದೆಂದು ಭಾವಿಸುತ್ತದೆ. ಬೆರಳಿನ ಒಳಗೆ ಬೆಳಕು ಸಂತೆಯಲ್ಲಿ ಸಿಕ್ಕಿದವನಂತೆ ಸಾವಿರ ಸಲ ಅತ್ತಿತ್ತ ತಿರುಗಿ ಹೊರಬರುತ್ತದೆ. ದೀಪದ ಬೆಳಕೂ ಶುದ್ಧವಾದ ಒಂದೇ ತರಂಗದೂರದ್ದಲ್ಲ. ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಅವಕೆಂಪಿಗಿಂತ ಕೆಂಪನ್ನು ಹೆಚ್ಚು ಹೀರಿ ಈ ದಾರಿಗಳನ್ನು ಬದಲಿಸುತ್ತದೆ. ಇದನ್ನೆಲ್ಲ ಸೂತ್ರದಿಂದ ಲೆಕ್ಕಹಾಕುವುದು ಅಸಾಧ್ಯವಾದುದರಿಂದ ತಯಾರಕರು ಬೇರೊಂದು ಹಾದಿಯನ್ನು ಹಿಡಿಯುತ್ತಾರೆ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರ���ವ ಗಾಳಿಯನ್ನು ಉಸಿರಾಡಿಸಿ, ಪರ್ಯಾಪ್ತಿಯನ್ನು ೭೦ರವರೆಗೆ ಇಳಿಸಿ, ಧಮನಿಯ ರಕ್ತವನ್ನು ಅಳೆದು, ಅದಕ್ಕೆ ಸರಿಯಾಗಿ ಅನುಪಾತದ ಪಟ್ಟಿಯನ್ನು ಮಾಡಿ ಮಾಪಕದ ನೆನಪಿನಲ್ಲಿ ಬರೆದಿಡುತ್ತಾರೆ. ಹಾಗಾದರೆ ಆ ಸ್ವಯಂಸೇವಕರು ಯಾವ ಬಣ್ಣದವರು? ಅಮೆರಿಕದ ನಿಯಂತ್ರಣ ಸಂಸ್ಥೆ ೨೦೧೩ರಲ್ಲಿ ಕೇಳಿದುದು ಕನಿಷ್ಠ ಹತ್ತು ಮಂದಿಯನ್ನು. ಅವರಲ್ಲಿ ಕಡುಬಣ್ಣದವರು ಇಬ್ಬರಿದ್ದರೆ ಸಾಕಾಗಿತ್ತು.

ಇದರ ಫಲವನ್ನು ೨೦೨೦ರ ಡಿಸೆಂಬರ್ ತಿಂಗಳಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತೋರಿಸಿದರು. ಮಾಪಕ ೯೨ರಿಂದ ೯೬ರವರೆಗಿನ ಸಮಾಧಾನದ ಅಂಕವನ್ನು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾದ ಪರ್ಯಾಪ್ತಿ ೮೮ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ಶೇಕಡಾ ೩.೬, ಕಪ್ಪು ರೋಗಿಗಳಲ್ಲಿ ಶೇಕಡಾ ೧೧.೭. ಅದೇ ನಿಯಂತ್ರಣ ಸಂಸ್ಥೆ ೨೦೨೫ರ ಜನವರಿಯಲ್ಲಿ ಹೊರಡಿಸಿದ ಕರಡಿನಲ್ಲಿ ಹತ್ತರ ಬದಲು ೧೫೦ ಮಂದಿಯ ಮೇಲೆ, ಬಗೆಬಗೆಯ ಬಣ್ಣದ ಚರ್ಮದವರ ಮೇಲೆ, ಪರೀಕ್ಷಿಸಬೇಕೆಂದಿದೆ. ಆ ಅಂಕಿಗಳನ್ನು ನಮ್ಮ ಜನಕ್ಕೆ ನೇರವಾಗಿ ಹೊಂದಿಸಲಾಗದು. ಬಿಸಿಲಿನಲ್ಲಿ ಕಡಲೆ, ಹತ್ತಿ, ಮೆಣಸಿನಕಾಯಿ ಬಿಡಿಸುವ ಕೈಗಳ ಬಣ್ಣ ಒಂದು ಬಗೆ. ನೆರಳಿನಲ್ಲಿ ಕುಳಿತು ಅಂಕಗಳನ್ನು ಬರೆಯುವ ಕೈಗಳ ಬಣ್ಣ ಇನ್ನೊಂದು ಬಗೆ. ಅವೆರಡರ ನಡುವೆ ಮಾಪಕ ಎಷ್ಟು ತಪ್ಪುತ್ತದೆ ಎಂಬುದನ್ನು ಅಮೆರಿಕದವರು ಬಂದು ಹೇಳಲೆಂದು ಕಾಯುವುದು ಏಕೆ? ಇದಕ್ಕೆ ಯಾರನ್ನೂ ಉಸಿರುಗಟ್ಟಿಸಬೇಕಾಗಿಲ್ಲ. ಗದಗ, ಹುಬ್ಬಳ್ಳಿ, ಕೊಪ್ಪಳ, ಬೆಳಗಾವಿಗಳ ವೈದ್ಯಕೀಯ ಕಾಲೇಜುಗಳಲ್ಲಿ ರೋಗಿಗಳ ಚಿಕಿತ್ಸೆಗಾಗಿಯೇ ಧಮನಿಯ ರಕ್ತವನ್ನು ಪರೀಕ್ಷಿಸುತ್ತಾರೆ. ರಕ್ತವನ್ನು ಸೆಳೆಯುವ ಅದೇ ಗಳಿಗೆಯಲ್ಲಿ ಬೆರಳಿನ ಅಂಕವನ್ನೂ ಚರ್ಮದ ಬಣ್ಣದ ಶ್ರೇಣಿಯನ್ನೂ ಮಾಪಕದ ತಯಾರಿಕೆಯನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟರೆ, ಎರಡು ಮೂರು ವರ್ಷಗಳಲ್ಲಿ ಉತ್ತರ ಕರ್ನಾಟಕದ್ದೇ ಆದ ತಿದ್ದುಪಡಿಯ ಪಟ್ಟಿ ಸಿದ್ಧವಾಗುತ್ತದೆ. ಅಂಕಿಗಳನ್ನು ವಿಶ್ಲೇಷಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಭೌತಶಾಸ್ತ್ರ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಸಂತೋಷದಿಂದ ಮಾಡಿಯಾರು.

ಉಳಿದ ಮಿತಿಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡು ಹೀಮೊಗ್ಲೋಬಿನ್ನನ್ನು ಹಿಡಿದುಕೊಂಡರೆ ಅದೂ ಮಾಪಕದ ಕಣ್ಣಿಗೆ ಆಮ್ಲಜನಕದಂತೆಯೇ ಕಾಣುತ್ತದೆ; ಸಾಯುತ್ತಿರುವವನಿಗೂ ೯೮ ಬರಬಹುದು. ಅಜ್ಞಾತಗಳು ಮೂರಾದಾಗ ಎರಡು ಸಮೀಕರಣಗಳು ಸಾಲವು. ರಕ್ತಹೀನರಲ್ಲಿ ೯೯ ಎಂದರೆ ಇರುವಷ್ಟು ಬಂಡಿಗಳೆಲ್ಲ ತುಂಬಿವೆ ಎಂದರ್ಥವೇ ಹೊರತು ಬಂಡಿಗಳು ಸಾಕಷ್ಟಿವೆ ಎಂದಲ್ಲ: ೧೪ ಗ್ರಾಂ ಹೀಮೊಗ್ಲೋಬಿನ್ ಇರುವ ೧೦೦ ಮಿಲಿಲೀಟರು ರಕ್ತ ಸುಮಾರು ೧೮ ಮಿಲಿಲೀಟರು ಆಮ್ಲಜನಕವನ್ನು ಹೊತ್ತರೆ, ೭ ಗ್ರಾಂ ಇರುವುದು ೯ನ್ನು ಹೊರುತ್ತದೆ. ಒಳ್ಳೆಯ ಮಾಪಕದ ಮೇಲೂ ‘೨ ಅಂಕ ಹೆಚ್ಚುಕಡಿಮೆ’ ಎಂದು ಬರೆದಿರುತ್ತದೆ. ಮೂರರಲ್ಲಿ ಸುಮಾರು ಎರಡು ಸಲ ಮಾತ್ರ ಅದು ಆ ಎಲ್ಲೆಯೊಳಗೆ ಇರುತ್ತದೆ ಎಂಬುದು ಅದರ ಅರ್ಥ. ೯೨ ಎಂದು ಕಂಡುದು ೮೮ ಆಗಿರುವುದೂ ಸಾಧ್ಯ.

ಆದುದರಿಂದ ನಮ್ಮ ಬೇಡಿಕೆ ಬಹು ದೊಡ್ಡದೇನಲ್ಲ. ಲಕ್ಷ್ಮೇಶ್ವರದಿಂದಾಗಲಿ ಶಿರಹಟ್ಟಿಯಿಂದಾಗಲಿ ಮುಂಡರಗಿಯಿಂದಾಗಲಿ ಉಸಿರಿನ ತೊಂದರೆಯ ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ‘ಆಮ್ಲಜನಕ ೯೨’ ಎಂದಷ್ಟೇ ಬರೆಯುವ ರೂಢಿ ಹೋಗಬೇಕು. ಅಂಕ ಎಷ್ಟು, ಎಷ್ಟು ಲೀಟರು ಕೊಟ್ಟಾಗ, ಭಾಗಲಬ್ಧ ಎಷ್ಟು, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದ ಉಸಿರುಗಳು ಎಷ್ಟು, ಕರೆದರೆ ಕಣ್ಣು ತೆರೆದು ಹೆಸರು ಹೇಳುತ್ತಾರೆಯೇ, ಗಂಟೆ ಎಷ್ಟಾಗಿತ್ತು. ಆರು ಮಾತುಗಳು, ಒಂದೇ ಸಾಲು. ನಮ್ಮ ವಿದ್ಯಾರ್ಥಿಗಳು ಕಳೆದ ತಿಂಗಳು ಅಂಥ ಚೀಟಿಯ ಒಂದು ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದಾರೆ. ಮೊದಲು ಅದರಲ್ಲಿ ಐದೇ ಮನೆಗಳಿದ್ದುವು. ‘ಕರೆದರೆ ಎಚ್ಚರಾಗುತ್ತಾರೆಯೇ’ ಎಂಬುದನ್ನು ಸೇರಿಸಿದವರು ನಾವು.